ಎರಡು ಗಂಟೆ ಮೂವತ್ತೇಳು ನಿಮಿಷದ ಅಧ್ಯಕ್ಷರು

ಆರಿನ್ ಟಾಲೆಫ್ಸನ್ ಅವರ ಹತ್ತಿರ ನಾನು ಇಪ್ಪತ್ತೆರಡು ವರ್ಷ ಕಾರ್ಯದರ್ಶಿಯಾಗಿದ್ದೆ. ಮೊದಲ ಹದಿನೆಂಟು ವರ್ಷ ಅವರಿಗೂ ಕೆಲಸವಿತ್ತು, ನನಗೂ ಕೆಲಸವಿತ್ತು. ಅವರು ದಕ್ಷಿಣ ಡಕೋಟಾದ ಗವರ್ನರ್ ಆಗಿದ್ದಾಗ ಹಿಮದಲ್ಲಿ ಹೂತುಹೋದ ರಸ್ತೆ ತೆರೆಸುವುದು, ಸೆನೆಟರ್ ಆಗಿದ್ದಾಗ ಮಸೂದೆ ಬರೆಯುವುದು, ಬೈಯುವುದು, ಬೈಸಿಕೊಳ್ಳುವುದು ಎಲ್ಲ ಇತ್ತು. ಆಮೇಲೆ ವೆಸ್ಟ್‌ಕಾಟ್ ಎಂಬುವರು ಅಧ್ಯಕ್ಷ ಪದವಿಗೆ ನಿಂತರು. ಪೂರ್ವ ಕರಾವಳಿಯ ಆ ಮನುಷ್ಯನಿಗೆ ಗೋಧಿ ಬೆಳೆಯುವ ಸೀಮೆಯ ಓಟು ಬೇಕಿತ್ತು. ನಮ್ಮವರನ್ನು ಜೊತೆಗೆ ಹಾಕಿಕೊಂಡರು. ಗೆದ್ದರು. ಟಾಲೆಫ್ಸನ್ ಅಮೆರಿಕದ ಉಪಾಧ್ಯಕ್ಷರಾದರು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು.

ನಾಲ್ಕು ವರ್ಷದಲ್ಲಿ ಅವರನ್ನು ಮೂವತ್ತೊಂದು ಶವಸಂಸ್ಕಾರಗಳಿಗೆ ಕಳಿಸಿದರು. ಅಧ್ಯಕ್ಷರಿಗೆ ಪುರುಸೊತ್ತಿಲ್ಲದ ದೇಶಗಳಲ್ಲಿ ಯಾರು ಸತ್ತರೂ ನನ್ನ ಫೋನು ಬಡಿದುಕೊಳ್ಳುತ್ತಿತ್ತು. ಅವರ ಕರಿ ಸೂಟು ನನ್ನ ಕೋಣೆಯ ಬಾಗಿಲ ಹಿಂದೆ ಸದಾ ಇಸ್ತ್ರಿ ಮಾಡಿಸಿಟ್ಟದ್ದು ನೇತಾಡುತ್ತಿತ್ತು. ಒಂದು ಸಲ ಯಾವುದೋ ದ್ವೀಪದ ರಾಜ ಸತ್ತನೆಂಬ ಸುದ್ದಿ ಸುಳ್ಳೆಂದು ಗೊತ್ತಾಗಿ ವಿಮಾನ ಸಮುದ್ರದ ನಡುವಿನಿಂದ ವಾಪಸ್ಸು ಬಂತು. ಸೆನೆಟ್ಟಿನಲ್ಲಿ ಮತಗಳು ಸಮಸಮ ಬಂದರೆ ಉಪಾಧ್ಯಕ್ಷರು ಒಂದು ಮತ ಹಾಕಬಹುದು ಎಂದು ಸಂವಿಧಾನ ದೊಡ್ಡ ಮನಸ್ಸು ಮಾಡಿ ಬರೆದಿದೆ. ನಮ್ಮವರಿಗೆ ಆ ಭಾಗ್ಯ ಒಂದೇ ಸಲ ಸಿಕ್ಕಿತು, ಅದೂ ಜೇನುತುಪ್ಪದ ಬಾಟಲಿಯ ಮೇಲೆ ಅಂಟಿಸುವ ಚೀಟಿ ಎಷ್ಟು ದೊಡ್ಡದಿರಬೇಕು ಎಂಬ ವಿಷಯದಲ್ಲಿ.

ಇದರ ಮೇಲೆ ಅವರ ಪಾಠ ಬೇರೆ. ರಾಜಕೀಯಕ್ಕೆ ಬರುವ ಮೊದಲು ಅವರು ನಮ್ಮ ಊರಿನ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ಇತಿಹಾಸ ಕಲಿಸಿದವರು. ತಮಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತವರ ಕಥೆಗಳೆಲ್ಲ ಅವರಿಗೆ ಬಾಯಿಪಾಠ. ಕ್ಯೂಬಾದಲ್ಲಿ ಹಾಸಿಗೆ ಹಿಡಿದು ಅಲ್ಲೇ ಪ್ರಮಾಣವಚನ ತೆಗೆದುಕೊಂಡು, ಊರಿಗೆ ಬಂದ ಮಾರನೇ ದಿನ ತೀರಿಕೊಂಡವರ ಕಥೆ. ಮಹಾಯುದ್ಧದ ನಡುವೆ ಅಧ್ಯಕ್ಷರು ಸತ್ತು ತಾವೇ ಅಧ್ಯಕ್ಷರಾದ ಮೇಲಷ್ಟೇ ಅಣುಬಾಂಬಿನ ಪೂರ್ತಿ ವಿಷಯ ಕೇಳಿಸಿಕೊಂಡವರ ಕಥೆ. ಊಟದ ಮೇಜಿನಲ್ಲಿ, ವಿಮಾನದಲ್ಲಿ, ಲಿಫ್ಟಿನಲ್ಲಿ ಹೇಳುತ್ತಿದ್ದರು. ಕೇಳುವವರು ಗಡಿಯಾರ ನೋಡುತ್ತಿದ್ದರು. ನಾನು ಗಡಿಯಾರ ನೋಡುವುದನ್ನೂ ಬಿಟ್ಟಿದ್ದೆ.

ಈಗ ರೋಡಾ ಕ್ವಾಲೆಯ ವಿಷಯ ಹೇಳಬೇಕು. ಅವಳು ಟಾಲೆಫ್ಸನ್ ಅವರ ವಿದ್ಯಾರ್ಥಿನಿ. ಓದಿನಲ್ಲಿ ಮುಂದಿದ್ದ ಹುಡುಗಿ, ಬೇಗ ಮದುವೆಯಾದಳು. ಗಂಡ ಮಾದಕ ಪುಡಿ ಮಾರುತ್ತಿದ್ದ. ಅವನು ಮನೆಯಲ್ಲಿಲ್ಲದಾಗ ಬಂದ ಫೋನುಗಳಿಗೆ ಉತ್ತರ ಕೊಟ್ಟು ಯಾರು ಎಲ್ಲಿಗೆ ಬರಬೇಕೆಂದು ಚೀಟಿ ಬರೆದಿಟ್ಟದ್ದು ಇವಳ ಅಪರಾಧ. ಗಂಡ ಬೇರೆಯವರ ಹೆಸರು ಹೇಳಿ ಆರು ವರ್ಷಕ್ಕೆ ಹೊರಗೆ ಬಂದ. ಹೇಳಲು ಇವಳಿಗೆ ಯಾರ ಹೆಸರೂ ಗೊತ್ತಿರಲಿಲ್ಲ, ಆದ್ದರಿಂದ ಮೂವತ್ತು ವರ್ಷ ಬಿತ್ತು. ಅವಳ ತಾಯಿ ನಮಗೆ ಕಾಗದ ಬರೆಯುತ್ತಿದ್ದಳು, ಗೆರೆ ಹಾಕಿದ ಹಾಳೆಯಲ್ಲಿ, ಪ್ರತಿ ತಿಂಗಳು.

ನಾವು ಉಪಾಧ್ಯಕ್ಷರ ಕಚೇರಿಗೆ ಬಂದ ಎರಡನೆಯ ವರ್ಷದ ಏಪ್ರಿಲ್‌ನಲ್ಲಿ ನ್ಯಾಯ ಇಲಾಖೆಯವರೇ ಆ ಕಡತ ನೋಡಿ, ಇವಳ ಶಿಕ್ಷೆ ಕಡಿಮೆ ಮಾಡಿ ಬಿಡುಗಡೆ ಮಾಡಬಹುದು ಎಂದು ಶಿಫಾರಸು ಬರೆದು ಶ್ವೇತಭವನಕ್ಕೆ ಕಳಿಸಿದರು. ಅಧ್ಯಕ್ಷರ ಒಂದು ಸಹಿ ಬಿದ್ದರೆ ಸಾಕು. ಕಡತ ಹೋಗಿ ಡೆಕ್ಲಾನ್ ಪ್ರೈಸ್‌ನ ಮೇಜಿನ ಮೇಲೆ ಕೂತಿತು. ಪ್ರೈಸ್ ಅಧ್ಯಕ್ಷರ ಸಿಬ್ಬಂದಿಯ ಮುಖ್ಯಸ್ಥ. ಅವನ ಕೈ ದಾಟದೆ ಒಂದು ನೊಣವೂ ಅಧ್ಯಕ್ಷರ ಕೋಣೆಗೆ ಹೋಗುತ್ತಿರಲಿಲ್ಲ. ಚುನಾವಣೆ ಬರುತ್ತಿದೆ, ಮಾದಕ ಪುಡಿಯವರನ್ನು ಬಿಟ್ಟರು ಅಂತ ಎದುರು ಪಕ್ಷ ಕಿರುಚುತ್ತದೆ ಎಂದು ಅವನು ಅದನ್ನು ಅಲ್ಲೇ ಇಟ್ಟುಕೊಂಡ. ಟಾಲೆಫ್ಸನ್ ನಾಲ್ಕು ಟಿಪ್ಪಣಿ ಬರೆದರು. ನಾಲ್ಕನ್ನೂ ನಾನೇ ಟೈಪು ಮಾಡಿದೆ. ಒಂದಕ್ಕೂ ಉತ್ತರವಿಲ್ಲ.

"ಸಾರ್, ಪ್ರತಿ ಗುರುವಾರ ಅಧ್ಯಕ್ಷರ ಎದುರು ಕೂತು ಊಟ ಮಾಡ್ತೀರಲ್ಲ, ಬಾಯಿಬಿಟ್ಟು ಕೇಳಬಾರದಾ?" ಎಂದು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

"ಊಟದ ಹೊತ್ತಲ್ಲಿ ಜೈಲಿನ ವಿಷಯ ಎತ್ತೋದು ಚೆನ್ನಾಗಿರಲ್ಲ ವರ್ನಾ. ಅವರು ದಣಿದಿರ್ತಾರೆ. ಟಿಪ್ಪಣಿ ಹೋಗಿದೆಯಲ್ಲ, ಓದ್ತಾರೆ."

"ಓದದೆ ಹೋದ್ರೆ?"

"ಐದನೇದು ಬರೆಯೋಣ."

ಮೂರನೆಯ ವರ್ಷದ ಫೆಬ್ರವರಿಯಲ್ಲಿ ಆ ತಾಯಿಯ ಕಾಗದ ಬರಲಿಲ್ಲ. ಮಾರ್ಚ್‌ನಲ್ಲಿ ಊರಿನ ಪಾದ್ರಿ ಬರೆದರು, ಆಕೆ ತೀರಿಕೊಂಡಳೆಂದು. ಟಾಲೆಫ್ಸನ್ ಆ ಕಾಗದವನ್ನು ಎರಡು ಸಲ ಓದಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡರು. ಆ ಗುರುವಾರವೂ ಊಟಕ್ಕೆ ಹೋದರು. ಸುಮ್ಮನೆ ತಿಂದು ಬಂದರು.

ಅದೇ ವರ್ಷದ ಜೂನ್‌ನಲ್ಲಿ ವೈದ್ಯರು ಅಧ್ಯಕ್ಷರ ದೊಡ್ಡಕರುಳಿನಲ್ಲಿ ಏನೋ ಗಂಟು ಕಂಡಿತೆಂದು ಹೇಳಿ, ತೆಗೆಯಲು ಶನಿವಾರ ಬೆಳಿಗ್ಗೆ ಸಮಯ ಕೊಟ್ಟರು. ಅರಿವಳಿಕೆ ಕೊಡಬೇಕು. ಅಧ್ಯಕ್ಷರು ಪ್ರಜ್ಞೆಯಿಲ್ಲದೆ ಮಲಗಿರುವಾಗ ದೇಶದ ಅಧಿಕಾರ ಯಾರ ಕೈಯಲ್ಲಾದರೂ ಇರಬೇಕು. ಅವರು ಒಂದು ಪತ್ರಕ್ಕೆ ಸಹಿ ಮಾಡಿದರೆ ಉಪಾಧ್ಯಕ್ಷರು ಹಂಗಾಮಿ ಅಧ್ಯಕ್ಷರಾಗುತ್ತಾರೆ. ಎದ್ದ ಮೇಲೆ ಇನ್ನೊಂದು ಪತ್ರಕ್ಕೆ ಸಹಿ ಮಾಡಿದರೆ ಅಧಿಕಾರ ವಾಪಸ್ಸು.

ಶುಕ್ರವಾರ ಪ್ರೈಸ್ ನಮ್ಮ ಕಚೇರಿಗೆ ಒಂದು ಹಾಳೆ ಹಿಡಿದುಕೊಂಡು ಬಂದ. ಕೂರಲೂ ಇಲ್ಲ.

"ನಾಳೆ ನೀವು ಮನೆಯಲ್ಲೇ ಇರಿ ಸಾರ್," ಎಂದ. "ಶ್ವೇತಭವನದ ಕಡೆ ಬರೋದು ಬೇಡ. ಪತ್ರಕರ್ತರ ಜೊತೆ ಮಾತು ಬೇಡ. ಫೋಟೋ ಬೇಡ. ಯಾವುದಕ್ಕೂ ಸಹಿ ಮಾಡಬೇಡಿ. ಹೊರ ದೇಶದವರು ಯಾರಾದ್ರೂ ಫೋನ್ ಮಾಡಿದ್ರೆ ನನಗೆ ಕೊಡಿ."

"ತೋಟದಲ್ಲಿ ಓಡಾಡಬಹುದಾ?" ಎಂದು ಟಾಲೆಫ್ಸನ್ ಕೇಳಿದರು.

ನಾನು ನಗು ತಡೆದುಕೊಂಡೆ. ಪ್ರೈಸ್ ನಿಜವಾಗಿ ಯೋಚನೆ ಮಾಡಿದ. "ಹಿಂದಿನ ತೋಟ ಆದ್ರೆ ಪರವಾಗಿಲ್ಲ. ಮುಂದಿನದು ಬೇಡ, ರಸ್ತೆಗೆ ಕಾಣತ್ತೆ."

ಟಾಲೆಫ್ಸನ್ "ಆಗಲಿ" ಎಂದರು. ತಮಾಷೆಗೂ ಅಲ್ಲ, ಸಿಟ್ಟಿಗೂ ಅಲ್ಲ. ಆಗಲಿ ಅಷ್ಟೇ. ಆ ಶಬ್ದವನ್ನು ಅವರ ಬಾಯಿಂದ ಕಿತ್ತು ಕಿಟಕಿಯಾಚೆ ಬಿಸಾಡಬೇಕು ಅನಿಸಿತು ನನಗೆ.

ಆ ದಿನ ಸಂಜೆಯೇ ನಾನು ರೋಡಾಳ ಕಡತ ತೆಗೆದೆ. ಶಿಫಾರಸಿನ ಜೊತೆ ನ್ಯಾಯ ಇಲಾಖೆಯವರು ಇಟ್ಟಿದ್ದ ಆದೇಶದ ಕರಡಿನ ಪ್ರತಿ ನಮ್ಮಲ್ಲಿತ್ತು. ಅದನ್ನೇ ಚೊಕ್ಕವಾಗಿ ಮತ್ತೆ ಟೈಪು ಮಾಡಿ, ಕೆಳಗೆ ಸಹಿಯ ಜಾಗದಲ್ಲಿ 'ಆರಿನ್ ಟಾಲೆಫ್ಸನ್, ಹಂಗಾಮಿ ಅಧ್ಯಕ್ಷರು' ಎಂದು ಹಾಕಿದೆ. ಯಾರೂ ನನಗೆ ಹೇಳಿರಲಿಲ್ಲ. ಹೇಳುವವರೆಗೆ ಕಾದಿದ್ದರೆ ನಾನು ಇವತ್ತಿಗೂ ಕಾಯುತ್ತಿರುತ್ತಿದ್ದೆ.

ಶನಿವಾರ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಉಪಾಧ್ಯಕ್ಷರ ನಿವಾಸಕ್ಕೆ ಫೋನು ಬಂತು. ಅಧ್ಯಕ್ಷರ ಸಹಿಯಾಗಿದೆ, ಪತ್ರ ಸ್ಪೀಕರ್‌ಗೂ ಸೆನೆಟ್ಟಿಗೂ ತಲುಪಿದೆ. ಓದುವ ಕೋಣೆಯಲ್ಲಿ ನಾನು, ಟಾಲೆಫ್ಸನ್ ಇಬ್ಬರೇ ಇದ್ದೆವು. ಅವರು ಮನೆಯಲ್ಲಿ ಹಾಕಿಕೊಳ್ಳುವ ಕಂದು ಸ್ವೆಟರಿನಲ್ಲಿದ್ದರು. ಫೋನಿಟ್ಟು, ಕನ್ನಡಕ ಒರೆಸಿಕೊಂಡು, "ಆಯ್ತು" ಎಂದರು.

ಹೊರಗೆ ಹಜಾರದಲ್ಲಿ, ಅಣುಬಾಂಬಿಗೆ ಅಪ್ಪಣೆ ಕೊಡುವ ಸಂಕೇತಗಳಿದ್ದ ಕರಿ ಪೆಟ್ಟಿಗೆ ಹಿಡಿದ ಸೇನಾಧಿಕಾರಿ ಒಬ್ಬ ಕುರ್ಚಿಯ ತುದಿಯಲ್ಲಿ ಕೂತಿದ್ದ. ಟಾಲೆಫ್ಸನ್ ಅವರ ಹೆಂಡತಿ ಆರ್ಡಿಸ್ ಅವನಿಗೆ ದಾಲ್ಚಿನ್ನಿ ಬನ್ನು ಕೊಟ್ಟು, "ಆ ಪೆಟ್ಟಿಗೆ ಪಕ್ಕದಲ್ಲಿಟ್ಟು ತಿನ್ನಪ್ಪ, ಸಕ್ಕರೆ ಉದುರತ್ತೆ" ಎಂದು ಹೇಳುತ್ತಿದ್ದುದು ಕೇಳಿಸಿತು.

ನಾನು ಆದೇಶದ ಕಾಗದವನ್ನು ಅವರ ಮುಂದೆ ಇಟ್ಟೆ. ಅವರು ಓದಿದರು. ಮುಖ ಕೆಂಪಾಯಿತು.

"ವರ್ನಾ, ಇದೇನಿದು?"

"ನಿಮಗೆ ಓದೋಕೆ ಬರತ್ತೆ ಸಾರ್."

"ಇದು ಸರಿಯಲ್ಲ. ಅವಳು ನನ್ನ ವಿದ್ಯಾರ್ಥಿನಿ. ಜನ ಏನಂತಾರೆ?"

"ನ್ಯಾಯ ಇಲಾಖೆಯವರಿಗೆ ಅವಳು ವಿದ್ಯಾರ್ಥಿನಿ ಅಲ್ಲವಲ್ಲ. ಅವರೇ ಬಿಡಿ ಅಂತ ಬರೆದಿದ್ದಾರೆ."

"ಅಧಿಕಾರ ನನಗೆ ಕೊಟ್ಟಿರೋದು ದೇಶ ನಡೆಯಲಿ ಅಂತ. ಅವರು ಮಲಗಿರುವಾಗ ಮನೆಗೆ ನುಗ್ಗಿದ ಹಾಗಾಗತ್ತೆ."

"ಹಾಗಾದ್ರೆ ಎದ್ದಿರುವಾಗ ಕೇಳಬೇಕಿತ್ತು. ಅದನ್ನೂ ಮಾಡಲಿಲ್ಲ."

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಬಂದು ಕೂತರು. ಕಾಗದವನ್ನು ಮತ್ತೆ ಓದಿದರು. ಕಡತದಿಂದ ಶಿಫಾರಸು ತೆಗೆದು ಓದಿದರು. ಪೆನ್ಸಿಲಿನಲ್ಲಿ ಒಂದು ಅಲ್ಪವಿರಾಮ ಸರಿ ಮಾಡಿದರು. ಹತ್ತು ಗಂಟೆಯಾಯಿತು. ಹತ್ತೂಕಾಲಾಯಿತು. ಅಧ್ಯಕ್ಷರ ಕರುಳಿನಲ್ಲಿ ಇನ್ನೂ ನಾಲ್ಕು ಗಂಟು ಇರಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಂಥ ಪ್ರಾರ್ಥನೆ ಮಾಡಿದ್ದಕ್ಕೆ ಆಮೇಲೆ ನಾಚಿಕೆಯಾಯಿತು, ಆದರೆ ಅದು ಬಹಳ ಹೊತ್ತೇನೂ ಉಳಿಯಲಿಲ್ಲ.

ಆರ್ಡಿಸ್ ಕಾಫಿ ತಂದರು. ಗಂಡನ ಮುಖ ನೋಡಿದರು, ಮೇಜಿನ ಮೇಲಿದ್ದ ಹೆಸರು ನೋಡಿದರು.

"ಇವತ್ತಾದ್ರೂ ಮಾಡ್ತೀಯಾ ಆರಿನ್?"

"ಯೋಚನೆ ಮಾಡ್ತಿದ್ದೀನಿ."

"ನನ್ನ ಮದುವೆ ಆಗ್ತೀಯಾ ಅಂತ ಕೇಳೋಕೆ ನೀನು ಹನ್ನೊಂದು ತಿಂಗಳು ಯೋಚನೆ ಮಾಡಿದೆ. ನಾನು ಹೊರಗೆ ಇದ್ದೆ, ಕಾದೆ. ಆ ಹುಡುಗಿ ಒಳಗಿದ್ದಾಳೆ." ಕಾಫಿಯ ಲೋಟ ಠಪ್ಪೆಂದು ಇಟ್ಟು ಆಕೆ ಹೊರಟುಹೋದರು.

ಹತ್ತು ಮುಕ್ಕಾಲಿಗೆ ಅವರು ಫೋನೆತ್ತಿಕೊಂಡರು. ನ್ಯಾಯ ಇಲಾಖೆಗೆ ಮಾಡುತ್ತಾರೆಂದು ನಾನು ಪುಸ್ತಕ ತೆರೆದು ನಂಬರು ಹುಡುಕತೊಡಗಿದೆ. ಅವರು ಮಾಡಿದ್ದು ಪ್ರೈಸ್‌ಗೆ. ಅಪ್ಪಣೆ ಕೇಳಲಿಕ್ಕೆ! ದೇಶದ ಅತಿ ದೊಡ್ಡ ಅಧಿಕಾರ ಕೈಯಲ್ಲಿಟ್ಟುಕೊಂಡ ಮನುಷ್ಯ, ಆಸ್ಪತ್ರೆಯ ಹಜಾರದಲ್ಲಿ ನಿಂತಿದ್ದ ನೌಕರನೊಬ್ಬನ ಅಪ್ಪಣೆ ಕೇಳುತ್ತಿದ್ದರು. ಪ್ರೈಸ್‌ನ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ಸಾರ್, ತಲೆಗಿಲೆ ಕೆಟ್ಟಿದೆಯಾ? ನಿನ್ನೆ ಏನು ಹೇಳಿದ್ದೆ ನಾನು? ಹದಿನಾಲ್ಕು ವರ್ಷ ಇದ್ದಾಳಲ್ಲ, ಇನ್ನು ಎರಡು ವರ್ಷ ಇದ್ರೆ ಸತ್ತುಹೋಗ್ತಾಳಾ? ಚುನಾವಣೆ ಮುಗೀಲಿ."

"ಅವಳ ತಾಯಿ ಸತ್ತುಹೋದಳು," ಎಂದರು ಟಾಲೆಫ್ಸನ್.

"ಪಾಪ. ಒಂದು ಸಂತಾಪದ ಕಾಗದ ಕಳಿಸೋಣ. ಸಹಿ ಮಾತ್ರ ಬೇಡ."

ಅವರು ಮೆಲ್ಲಗೆ ಫೋನಿಟ್ಟರು. "ಬೇಡವಂತೆ," ಎಂದರು ನನಗೆ, ನಾನೇನೋ ಕಿವುಡಿ ಎಂಬಂತೆ.

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಯಾರನ್ನ ಕೇಳಿದ್ರಿ ಸಾರ್ ನೀವು? ಈ ಹೊತ್ತಿಗೆ ಅವನು ನಿಮ್ಮ ಕೈಕೆಳಗಿನವನು! ನೀವು ಅವನಿಗೆ ಕಾಫಿ ತಾ ಅಂದ್ರೆ ತರಬೇಕು! ಮೂರು ವರ್ಷದಿಂದ ನಿಮ್ಮ ಕೈಲಿ ಏನೂ ಇಲ್ಲ ಅಂತ ಗೋಳಾಡಿದ್ರಿ. ನಾನೂ ಜೊತೆಗೆ ಗೋಳಾಡಿದೆ. ಇವತ್ತು ಇದೆಯಲ್ಲ! ಇವತ್ತು ಏನು ಅಡ್ಡಿ ನಿಮಗೆ?"

ಇಪ್ಪತ್ತೊಂದು ವರ್ಷದಲ್ಲಿ ಅವರ ಎದುರು ಹಾಗೆ ದನಿಯೆತ್ತಿದ್ದು ಅದೇ ಮೊದಲು. ನಾನು ಹಿಂದಿನ ತೋಟಕ್ಕೆ ಹೋಗಿ ನಿಂತೆ. ಅಳು ಬಂತು, ಅತ್ತೆ. ಕಾವಲಿನವನೊಬ್ಬ ಮುಖ ಬೇರೆ ಕಡೆ ತಿರುಗಿಸಿಕೊಂಡ. ಕೆಲಸ ಬಿಡಬೇಕು, ಸೋಮವಾರವೇ ಕಾಗದ ಬರೆದುಕೊಡಬೇಕು, ನೆಬ್ರಾಸ್ಕಾದಲ್ಲಿರುವ ತಂಗಿಯ ಮನೆಗೆ ಹೋಗಿಬಿಡಬೇಕು ಎಂದೆಲ್ಲ ಯೋಚಿಸುತ್ತಿದ್ದಾಗ ಒಳಗೆ ಫೋನು ಹೊಡೆದುಕೊಂಡಿತು. ನಾನು ಓಡಿದೆ. ಹನ್ನೊಂದು ಗಂಟೆ ಇಪ್ಪತ್ತೆರಡು ನಿಮಿಷ.

ಪ್ರೈಸ್‌ನೇ. "ಅಧ್ಯಕ್ಷರಿಗೆ ಎಚ್ಚರ ಆಯ್ತು. ಎಲ್ಲ ಚೆನ್ನಾಗಿದೆ. ಟೋಸ್ಟ್ ತನ್ನಿ ಅಂತ ಕೇಳ್ತಿದ್ದಾರೆ. ನಿಮ್ಮ ಕೆಲಸ ಮುಗೀತು ಸಾರ್, ಥ್ಯಾಂಕ್ಸ್."

"ವಾಪಸ್ಸು ಪತ್ರಕ್ಕೆ ಸಹಿ ಆಯ್ತಾ?" ಎಂದು ಟಾಲೆಫ್ಸನ್ ಕೇಳಿದರು.

"ಇನ್ನರ್ಧ ಗಂಟೆ ಯಾವ ಕಾಗದವನ್ನೂ ಕೊಡಬೇಡಿ ಅಂತ ವೈದ್ಯರು ಹೇಳಿದ್ದಾರೆ. ಅದೆಲ್ಲ ಶಾಸ್ತ್ರಕ್ಕೆ. ನೀವಿನ್ನು ಆರಾಮಾಗಿ ಟಿವಿ ನೋಡಿ."

ಟಾಲೆಫ್ಸನ್ ಫೋನಿಟ್ಟರು. ಗೋಡೆಯ ಗಡಿಯಾರ ನೋಡಿದರು. ಅವರ ಮನಸ್ಸು ತಿರುಗಿದ್ದು ಯಾವುದರಿಂದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆರ್ಡಿಸ್ ಮಾತಿನಿಂದಲೋ, ನನ್ನ ಕೂಗಾಟದಿಂದಲೋ, ಪ್ರೈಸ್ ಹೇಳಿದ ಸಂತಾಪದ ಕಾಗದದಿಂದಲೋ. ಅಥವಾ ಟಿವಿ ನೋಡಿ ಅಂದದ್ದಕ್ಕೋ. ಆಮೇಲೊಮ್ಮೆ ಕೇಳಿದೆ. "ಗೊತ್ತಿಲ್ಲ ವರ್ನಾ, ಹೊತ್ತು ಮುಗೀತಾ ಬಂತಲ್ಲ" ಎಂದರು.

"ನಿನ್ನ ಪೆನ್ನು ಕೊಡು," ಎಂದರು.

ಕೊಟ್ಟೆ. ಅವರು ಕಾಗದ ಎಳೆದುಕೊಂಡರು. ಪೆನ್ನು ಹಾಳೆಗೆ ಮುಟ್ಟುವ ಮುನ್ನ ಕೈ ನಿಂತಿತು.

"ಹಂಗಾಮಿ ಅಧ್ಯಕ್ಷರು ಅಂತ ಹಾಕಿದ್ದೀಯ," ಎಂದರು. "ಗೊತ್ತಾ, ನೂರೈವತ್ತು ವರ್ಷಕ್ಕೂ ಹಿಂದೆ ಅಧ್ಯಕ್ಷರು ತೀರಿಕೊಂಡು ಟೈಲರ್ ಅನ್ನೋ ಉಪಾಧ್ಯಕ್ಷರು ಆ ಜಾಗಕ್ಕೆ ಬಂದ್ರಲ್ಲ, ಆಗ ಜನ ಅವರಿಗೆ ಹಂಗಾಮಿ ಅಧ್ಯಕ್ಷರಿಗೆ ಅಂತ ವಿಳಾಸ ಬರೆದು ಕಾಗದ ಕಳಿಸ್ತಿದ್ರು. ಅವರು ಒಡೆಯದೇ ವಾಪಸ್ಸು—"

"ಸಾರ್!"

"ಹ್ಞಾಂ, ಹ್ಞಾಂ."

ಸಹಿ ಮಾಡಿದರು. ಹನ್ನೊಂದು ಇಪ್ಪತ್ತೊಂಬತ್ತು. ನಾನು ಕಾಗದ ಕಿತ್ತುಕೊಂಡು ಫ್ಯಾಕ್ಸ್ ಯಂತ್ರಕ್ಕೆ ಕೊಟ್ಟೆ. ಅದು ಅರ್ಧ ನುಂಗಿ ಸಿಕ್ಕಿಹಾಕಿಕೊಂಡಿತು. ಇಡೀ ಸರ್ಕಾರದಲ್ಲಿ ಅತಿ ಹಳೆಯ ಫ್ಯಾಕ್ಸ್ ಯಂತ್ರ ಉಪಾಧ್ಯಕ್ಷರ ಮನೆಯಲ್ಲಿಯೇ ಇರುತ್ತದೆ, ಬೇರೆಲ್ಲಿ ಇರಬೇಕು! ಆರ್ಡಿಸ್ ಬಂದು ಮುಚ್ಚಳ ತೆಗೆದು, ಬೆಣ್ಣೆ ಸವರುವ ಚಾಕು ಹಾಕಿ ಮೀಟಿ ಹಾಳೆ ಬಿಡಿಸಿದರು. ಮೂಲೆ ಸ್ವಲ್ಪ ಹರಿಯಿತು, ಸಹಿ ಉಳಿಯಿತು. ಎರಡನೆಯ ಸಲ ಹೋಯಿತು. ನಾನು ನ್ಯಾಯ ಇಲಾಖೆಗೆ ಫೋನು ಮಾಡಿದೆ. ಶನಿವಾರದ ಪಾಳಿಯ ಅಧಿಕಾರಿಯೊಬ್ಬ ಎತ್ತಿದ.

"ಏನೋ ಬಂದಿದೆ ಮೇಡಂ," ಎಂದ. "ಸೋಮವಾರ ಸಾಹೇಬರು ಬಂದ ಮೇಲೆ ನೋಡ್ತಾರೆ."

ಟಾಲೆಫ್ಸನ್ ನನ್ನ ಕೈಯಿಂದ ಫೋನು ತೆಗೆದುಕೊಂಡರು. "ನಿಮ್ಮ ಹೆಸರೇನಪ್ಪ? ಸರಿ. ನಾನು ಆರಿನ್ ಟಾಲೆಫ್ಸನ್ ಮಾತಾಡ್ತಿದ್ದೀನಿ, ಅಮೆರಿಕದ ಹಂಗಾಮಿ ಅಧ್ಯಕ್ಷ. ನಿಮ್ಮ ಕೈಲಿರೋ ಕಾಗದ ಇಷ್ಟು ಗಂಟೆಗೆ ತಲುಪಿತು ಅಂತ ಅದರ ಮೇಲೆ ಬರೆದು, ಸಹಿ ಮಾಡಿ, ಈಗಲೇ ವಾಪಸ್ಸು ಕಳಿಸಿ. ಆಮೇಲೆ ಜೈಲಿನ ಅಧಿಕಾರಿಗೆ ಕಳಿಸಿ. ನಾನು ಫೋನ್ ಹಿಡ್ಕೊಂಡೇ ಇರ್ತೀನಿ."

ಆ ದನಿಯನ್ನು ನಾನು ಅವರು ಗವರ್ನರ್ ಆಗಿದ್ದಾಗ, ಹಿಮಪಾತದ ದಿನಗಳಲ್ಲಿ ಕೇಳಿದ್ದೆ. ಹನ್ನೊಂದು ನಲವತ್ತೊಂದಕ್ಕೆ ಸ್ವೀಕೃತಿ ಬಂತು. ನಲವತ್ತೇಳಕ್ಕೆ ಅಧ್ಯಕ್ಷರ ವಾಪಸ್ಸು ಪತ್ರ ಸ್ಪೀಕರ್‌ಗೂ ಸೆನೆಟ್ಟಿಗೂ ತಲುಪಿತೆಂದು ತಿಳಿಸಿದರು. ಹಜಾರದಲ್ಲಿದ್ದ ಸೇನಾಧಿಕಾರಿ ಎದ್ದು, ಮಡಿಲಿನ ಸಕ್ಕರೆ ಕೊಡವಿಕೊಂಡು ಸೆಲ್ಯೂಟ್ ಹೊಡೆದ.

ಪ್ರೈಸ್ ಒಂದು ಗಂಟೆಗೆ ಬಂದ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅವನು ಕೂಗಲಿಲ್ಲ. "ಇದನ್ನ ರದ್ದು ಮಾಡಿಸ್ತೀನಿ," ಎಂದ.

"ತಲುಪಿದ ಮೇಲೆ ಆಗಲ್ಲ," ಎಂದರು ಟಾಲೆಫ್ಸನ್. "ಬೇಕಾದ್ರೆ ವಕೀಲರನ್ನ ಕೇಳು."

"ನಿಮಗೆ ಮುಂದಿನ ವರ್ಷ ಚುನಾವಣೆ ಇಲ್ಲ ಅಂದ್ಕೊಳ್ಳಿ."

"ಆಗಲಿ."

ಆ ಸಲ ಆ ಶಬ್ದ ನನಗೆ ಅಷ್ಟೇನೂ ಕೆಟ್ಟದಾಗಿ ಕೇಳಲಿಲ್ಲ.

ಸಂಜೆ ಅಧ್ಯಕ್ಷರೇ ಆಸ್ಪತ್ರೆಯಿಂದ ಫೋನು ಮಾಡಿದರು. ಟಿಪ್ಪಣಿ ಬರೆದುಕೊಳ್ಳುವುದು ನನ್ನ ಕೆಲಸವಾದ್ದರಿಂದ ಪಕ್ಕದ ಫೋನಿನಲ್ಲಿ ನಾನೂ ಕೇಳುತ್ತಿದ್ದೆ. ಅವರ ದನಿಯಲ್ಲಿ ಇನ್ನೂ ನಿದ್ದೆಯಿತ್ತು.

"ಆರಿನ್, ಇದೇನಯ್ಯಾ ಪ್ರೈಸ್ ಹೀಗೆ ಹಾರಾಡ್ತಿದ್ದಾನೆ? ಯಾವ ರೋಡಾ?"

ಟಾಲೆಫ್ಸನ್ ಹೇಳಿದರು. ಗಂಡ, ಫೋನು, ಚೀಟಿ, ಮೂವತ್ತು ವರ್ಷ. ನಾಲ್ಕು ಟಿಪ್ಪಣಿ.

"ಯಾವ ಟಿಪ್ಪಣಿ? ನನಗೆ ಯಾವುದೂ ಬಂದಿಲ್ಲ," ಎಂದರು ಅಧ್ಯಕ್ಷರು. "ವಾರವಾರ ಎದುರಿಗೇ ಕೂತಿರ್ತೀಯಲ್ಲ ಮಾರಾಯ, ಹೇಳಬಾರದಿತ್ತಾ? ನಾನೇ ಸಹಿ ಹಾಕ್ತಿದ್ದೆ."

ನಾನು ಪೆನ್ಸಿಲ್ ಕೆಳಗಿಟ್ಟೆ. ಅದನ್ನು ಬರೆದುಕೊಳ್ಳುವುದು ನನ್ನಿಂದಾಗಲಿಲ್ಲ.

ಆ ಮಂಗಳವಾರ ರೋಡಾ ಹೊರಬಂದಳು. ಎರಡು ದಿನ ಪತ್ರಿಕೆಗಳಲ್ಲಿ ಗದ್ದಲವಾಯಿತು, ಕಾನೂನಿನ ಪ್ರೊಫೆಸರುಗಳು ಟಿವಿಯಲ್ಲಿ ಕಿತ್ತಾಡಿದರು, ಮೂರನೆಯ ದಿನ ಯಾವುದೋ ನಟಿಯ ವಿಚ್ಛೇದನದ ಸುದ್ದಿ ಬಂದು ಎಲ್ಲರೂ ಮರೆತರು. ಪ್ರೈಸ್ ಮರೆಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಪಕ್ಷದ ಸಮಾವೇಶಕ್ಕೆ ಎರಡು ವಾರ ಮೊದಲು, ಟಾಲೆಫ್ಸನ್ ಆರೋಗ್ಯದ ಕಾರಣದಿಂದ ಮತ್ತೆ ನಿಲ್ಲುವುದಿಲ್ಲ ಎಂಬ ಪ್ರಕಟಣೆಯನ್ನು ನನ್ನಿಂದಲೇ ಟೈಪು ಮಾಡಿಸಿದ. ಅವರಿಗೆ ನೆಗಡಿಯೂ ಇರಲಿಲ್ಲ. ಚಿಕ್ಕ ವಯಸ್ಸಿನ, ಒಳ್ಳೆಯ ಹಲ್ಲಿನ ಒಬ್ಬರನ್ನು ಅವರ ಜಾಗಕ್ಕೆ ಹಾಕಿದರು. ವೆಸ್ಟ್‌ಕಾಟ್ ಮತ್ತೆ ಗೆದ್ದರು.

ನಾವು ಊರಿಗೆ ಬಂದೆವು. ಟಾಲೆಫ್ಸನ್ ರೋಡಾಳಿಗೆ ಮೂರು ಕಾಗದ ಬರೆದಿದ್ದರು. ಅವಳು ಬೇರೆ ರಾಜ್ಯದಲ್ಲಿ ಅಕ್ಕನ ಮನೆಯಲ್ಲಿದ್ದಳು, ಉತ್ತರ ಬರಲಿಲ್ಲ. "ನಾಚಿಕೆ ಇರಬೇಕು," ಎಂದರು ಅವರು.

ಆ ವರ್ಷದ ಅಕ್ಟೋಬರ್‌ನಲ್ಲಿ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಸಲದಂತೆ ಸುಗ್ಗಿಯ ಊಟವಿತ್ತು. ಉದ್ದದ ಮೇಜುಗಳು, ಕಾಗದದ ತಟ್ಟೆಗಳು, ಮಾಂಸದುಂಡೆ, ಆಲೂಗಡ್ಡೆ, ಹುಳಿ ದಂಟು ತುಂಬಿ ಬೇಯಿಸಿದ ರೂಬಾರ್ಬ್ ಪೈ. ಟಾಲೆಫ್ಸನ್ ಪೈ ತಿನ್ನುತ್ತಿದ್ದಾಗ ನರೆಗೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡ, ತೆಳ್ಳಗಿನ ಹೆಂಗಸೊಬ್ಬಳು ಬಂದು ಅವರೆದುರು ನಿಂತಳು. ನಾನು ಗುರುತು ಹಿಡಿಯಲಿಲ್ಲ. ಅವರು ಹಿಡಿದರು. ಎದ್ದು ನಿಂತರು, ಮುಖವೆಲ್ಲ ಅರಳಿತು.

"ರೋಡಾ! ಬಾಮ್ಮಾ, ಕೂತ್ಕೋ."

"ಕೂರಲ್ಲ ಮೇಷ್ಟ್ರೇ," ಎಂದಳು. "ಅಮ್ಮನ ಸಮಾಧಿ ನೋಡೋಕೆ ಬಂದೆ. ನೀವಿಲ್ಲಿದ್ದೀರಿ ಅಂದ್ರು. ಒಂದು ಮಾತು ಕೇಳಬೇಕಿತ್ತು."

"ಕೇಳು."

"ಪತ್ರಿಕೆಯಲ್ಲಿ ಓದಿದೆ, ನೀವು ವಾರವಾರ ಅಧ್ಯಕ್ಷರ ಜೊತೆ ಊಟ ಮಾಡ್ತಿದ್ರಂತೆ. ನನ್ನ ಫೈಲು ಅಲ್ಲಿಗೆ ಬಂದ ಮೇಲೆ ಹದಿನಾಲ್ಕು ತಿಂಗಳು. ಎಷ್ಟು ಊಟ ಆಯ್ತು?"

ಅವರು ಮೆಲ್ಲಗೆ ಕೂತರು.

"ಒಳಗೆ ನನಗೆ ಮಾಡೋಕೆ ಬೇರೆ ಕೆಲಸ ಇರಲಿಲ್ಲ, ಲೆಕ್ಕ ಹಾಕ್ತಿದ್ದೆ. ಈಗಲೂ ಹಾಕಿದೆ. ನೀವು ಹೊರ ದೇಶಕ್ಕೆ ಹೋಗಿದ್ದ ವಾರ ಬಿಟ್ರೂ ಐವತ್ತು ಆಗತ್ತೆ. ಅಮ್ಮ ಹೋಗಿದ್ದು ಫೆಬ್ರವರೀಲಿ. ಅಲ್ಲೀವರೆಗೆ ಮೂವತ್ತೆಂಟು." ಅವಳ ದನಿ ಏರಲಿಲ್ಲ, ಅದೇ ಕೇಳಲು ಕಷ್ಟವಾಗಿದ್ದು. "ಅವರಿಗೆ ಹೊಟ್ಟೆ ನೋವು ಬರಲಿ ಅಂತ ಕಾದ್ರಾ ನೀವು?"

ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿದ್ದರು. ನನಗೆ ಎದ್ದು ಏನಾದರೂ ಹೇಳಬೇಕು ಅನಿಸಿತು. ಇವರು ನಿನಗಾಗಿ ಪದವಿ ಕಳೆದುಕೊಂಡರು ಕಣಮ್ಮ, ಎಂದು. ಆದರೆ ಅವಳು ಕೇಳಿದ್ದನ್ನೇ ನಾನೂ ಹದಿನಾಲ್ಕು ತಿಂಗಳು ಕೇಳಿದ್ದೆನಲ್ಲ.

"ಹೌದು," ಎಂದರು ಟಾಲೆಫ್ಸನ್. "ಕೇಳಬೇಕಿತ್ತು. ಕೇಳಲಿಲ್ಲ. ಭಯ ಅಂತಲೂ ಹೇಳಕ್ಕಾಗಲ್ಲ. ಸಂಕೋಚ."

"ಸಂಕೋಚ," ಎಂದು ಅವಳೂ ಅಂದಳು. ಕೈಚೀಲ ತೆರೆದು ಮಡಚಿದ ಹಾಳೆಯೊಂದನ್ನು ತೆಗೆದು ಅವರ ತಟ್ಟೆಯ ಪಕ್ಕ ಇಟ್ಟಳು. ಹನ್ನೊಂದು ಹೆಸರುಗಳಿದ್ದವು, ಪ್ರತಿಯೊಂದರ ಮುಂದೆ ಕೈದಿಯ ಸಂಖ್ಯೆ. "ಇವರೆಲ್ಲ ನನ್ನ ಜೊತೆ ಇದ್ದವರು. ನನ್ನಂಥದ್ದೇ ಕೇಸು. ಇವರು ಯಾರೂ ನಿಮ್ಮ ವಿದ್ಯಾರ್ಥಿಗಳಲ್ಲ."

"ನನ್ನ ಕೈಲಿ ಈಗ ಏನೂ ಇಲ್ಲ ರೋಡಾ."

"ಆಗಲೂ ಅದನ್ನೇ ಅಂತಿದ್ರಂತೆ," ಎಂದು ಅವಳು ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದಳು. ಥ್ಯಾಂಕ್ಸ್ ಅನ್ನಲಿಲ್ಲ. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಅದೇ ವಿಚಿತ್ರ.

ಟಾಲೆಫ್ಸನ್ ಪೈ ಮುಗಿಸಲಿಲ್ಲ. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನನ್ನ ಮನೆಯ ಬಾಗಿಲು ಬಡಿದರು. ನಾನು ನಿವೃತ್ತಳಾಗಿ ಒಂಬತ್ತು ತಿಂಗಳಾಗಿತ್ತು, ರಾತ್ರಿಯ ನಿಲುವಂಗಿಯಲ್ಲೇ ಇದ್ದೆ.

"ಟೈಪ್ ಮಾಡೋ ಯಂತ್ರ ಇದೆಯಾ?" ಎಂದರು.

"ಸಾರ್, ಟಿಪ್ಪಣಿ ಬರೆದು ಏನಾಯ್ತು ಅಂತ ನೋಡಿದ್ದೀರಿ."

"ಟಿಪ್ಪಣಿ ಅಲ್ಲ. ಸಮಯ ಕೇಳೋ ಕಾಗದ. ನಾನೇ ಹೋಗಿ ಎದುರು ಕೂತು ಕೇಳ್ತೀನಿ."

ಅದಾಗಿ ಆರು ವರ್ಷವಾಯಿತು. ಎಪ್ಪತ್ತೆಂಟರ ಮುದುಕರು ವರ್ಷಕ್ಕೆ ನಾಲ್ಕು ಸಲ ವಾಷಿಂಗ್ಟನ್ನಿಗೆ ಹೋಗಿ ಸೆನೆಟರುಗಳ ಕಚೇರಿಯ ಹೊರಗೆ, ನ್ಯಾಯ ಇಲಾಖೆಯ ಹಜಾರದಲ್ಲಿ ಕೂರುತ್ತಾರೆ. ಅವರನ್ನು ಕಂಡರೆ ಜನ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಾರಂತೆ. ಈಗಿನ ಉಪಾಧ್ಯಕ್ಷರ ಕಚೇರಿಗೆ ನಾನು ಏಳು ಸಲ ಫೋನು ಮಾಡಿದೆ. ಅಲ್ಲಿನ ಕಾರ್ಯದರ್ಶಿ ಹುಡುಗಿ ಬಹಳ ಮರ್ಯಾದಸ್ಥೆ. ತಮ್ಮ ಸಾಹೇಬರ ಕೈಯಲ್ಲಿ ಇಂಥದ್ದೇನೂ ಇಲ್ಲ ಮೇಡಂ, ದಯವಿಟ್ಟು ಟಿಪ್ಪಣಿ ಕಳಿಸಿ, ಎನ್ನುತ್ತಾಳೆ. ಫೋನಿಟ್ಟು ನಾನು ಅಡುಗೆಮನೆಯಲ್ಲಿ ಒಬ್ಬಳೇ ಬೈದುಕೊಳ್ಳುತ್ತೇನೆ.

ಹನ್ನೊಂದರಲ್ಲಿ ನಾಲ್ವರು ಹೊರಬಂದಿದ್ದಾರೆ. ಒಬ್ಬಳು ಒಳಗೇ ತೀರಿಕೊಂಡಳು. ಉಳಿದ ಆರು ಕಡತಗಳು ನನ್ನ ಊಟದ ಮೇಜಿನ ಮೇಲಿವೆ, ಅವುಗಳ ಕಾಟದಲ್ಲಿ ನಾನು ಒಲೆಯ ಪಕ್ಕ ನಿಂತುಕೊಂಡೇ ಊಟ ಮಾಡುತ್ತಿದ್ದೇನೆ.